ಸೋಲೋ ನಡೆಯುವಾಗ ಬಾಗಿಲು ತೆರೆದದ್ದು

೧೯೭೨ರಲ್ಲಿ ಏಳನೇ ಕ್ಲಾಸಿನ ಪರೀಕ್ಷೆ ಬರೆದು ಮುಗಿಸಿದ ಮರುದಿನವೇ ನಾನು ಓದು ನಿಲ್ಲಿಸಿದೆ. ಆಮೇಲೆ ಫಲಿತಾಂಶ ಬಂದಾಗ ಪಾಸಾಗಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಫೇಲಾಗಿ ಬಿಟ್ಟವನು ಎಂದು ಯಾರೂ ತಿಳಿಯಬಾರದು. ಮೂಲ್ಕಿಯಲ್ಲಿ ದೊಡ್ಡಪ್ಪನ ಮರದ ಕೆಲಸದ ಶೆಡ್ಡಿನಲ್ಲಿ ಒಬ್ಬ ಆಳು ಬೇಕಾಗಿತ್ತು, ನಮ್ಮ ಮನೆಯಲ್ಲಿ ಒಂದು ಬಾಯಿ ಹೆಚ್ಚಾಗಿತ್ತು. ಎರಡೂ ಸರಿಹೋಯಿತು. ಹದಿನೈದು ತುಂಬುವಾಗ ಬಾಗಿಲು ಮಾಡಲು ಕಲಿತಿದ್ದೆ. ನಾನು ಮಾಡಿದ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತು ಎಂದು ದೂರು ತಂದವರು ಒಬ್ಬರೂ ಇಲ್ಲ.

ನನ್ನ ಅಳಿಯನ ಗೆಳೆಯರಿಬ್ಬರು ಈಗ ದುಬೈಯ ಒಂದು ಸೌಂಡ್ ಕಂಪೆನಿಗೆ ಹೊರಟಿದ್ದಾರೆ. ಇಬ್ಬರೂ ಕೋರ್ಸ್ ಮಾಡಿದವರು, ಸರ್ಟಿಫಿಕೇಟ್ ಇರುವವರು. "ಮಾವ, ನೀವು ಅಲ್ಲಿ ಅಷ್ಟು ವರ್ಷ ಸ್ಟೇಜಿನ ಹಿಂದೆ ಇದ್ದವರು, ಎಂತ ಕೆಲಸ ಅದು, ಬರೆದು ಕೊಡಿ" ಎಂದರು. ಅದಕ್ಕೆ ಬರೆಯುತ್ತಿದ್ದೇನೆ. ಕೋರ್ಸಿನಲ್ಲಿ ಹೇಳಿಕೊಟ್ಟದ್ದನ್ನು ನಾನು ಮತ್ತೆ ಹೇಳುವುದಿಲ್ಲ, ನನಗೆ ಅದು ಗೊತ್ತೂ ಇಲ್ಲ.

ನಾನು ದುಬೈಗೆ ಹೋದದ್ದು ಕಟ್ಟಡದ ಕೆಲಸಕ್ಕೆ. ಕಾಂಕ್ರೀಟ್ ಹಾಕುವ ಮೊದಲು ಹಲಗೆ ಕಟ್ಟುವುದು, ಗಟ್ಟಿಯಾದ ಮೇಲೆ ಬಿಚ್ಚುವುದು. ಹದಿಮೂರು ವರ್ಷ ಕಟ್ಟಿ ಬಿಚ್ಚಿದೆ. ಆ ಕಂಪೆನಿ ಮುಚ್ಚಿದಾಗ, ೨೦೧೦ರಲ್ಲಿ, ರಾಸ್ ಅಲ್ ಖೋರ್‌ನಲ್ಲಿ ಗೋದಾಮು ಇಟ್ಟುಕೊಂಡಿದ್ದ ಮುನೀರ್ ಸಾಹೇಬರ ಬಳಿ ಸೇರಿದೆ. ಭಟ್ಕಳದವರು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರು. ಅಲ್ಲಿರುವ ನಮ್ಮ ಊರವರ ಸಂಘ ಸಂಸ್ಥೆಗಳ ಕಾರ್ಯಕ್ರಮಕ್ಕೆ ಮೈಕು, ಸ್ಪೀಕರ್, ಲೈಟು, ಡ್ರಮ್ ಸೆಟ್ ಬಾಡಿಗೆಗೆ ಕೊಡುವುದು ಅವರ ವ್ಯಾಪಾರ. ಸುತ್ತ ಗ್ಯಾರೇಜುಗಳು, ಮುರಿದ ಕಾರುಗಳು, ನಡುವೆ ನಮ್ಮ ಶೆಡ್ಡು. ಪೆಟ್ಟಿಗೆಗಳನ್ನು ರಿಪೇರಿ ಮಾಡಲು ಒಬ್ಬ ಮರದ ಕೆಲಸದವನು ಬೇಕು ಎಂದು ಕರೆದಿದ್ದರು. ಮೂರನೇ ವಾರ ಡ್ರಮ್ ಸೆಟ್ ನೋಡಿಕೊಳ್ಳುವ ಗೋವಾದವನು ಕೆಲಸ ಬಿಟ್ಟು ಹೋದ.

"ಆಚಾರ್ರೇ, ಡ್ರಮ್ ಅಂದ್ರೆ ಎಂತ? ಮರದ ಡಬ್ಬ," ಎಂದರು ಮುನೀರ್ ಸಾಹೇಬರು. "ನೀವೇ ನೋಡ್ಕೊಳ್ಳಿ."

ಹಾಗೆ ನಾನು ಡ್ರಮ್ಮಿನ ಮನುಷ್ಯನಾದೆ. ಕೊನೆಯವರೆಗೂ ವೀಸಾದಲ್ಲಿ ಕಾರ್ಪೆಂಟರ್ ಎಂದೇ ಇತ್ತು. ನನಗೆ ಅದರಿಂದ ಬೇಸರವಿಲ್ಲ, ಸುಳ್ಳೇನೂ ಅಲ್ಲವಲ್ಲ.

ಕೆಲಸ ಇಷ್ಟು. ಕಾರ್ಯಕ್ರಮಕ್ಕೆ ನಾಲ್ಕು ಗಂಟೆ ಮೊದಲು ಹೋಗಿ ಕಾರ್ಪೆಟ್ ಹಾಸಬೇಕು. ಅದರ ಮೇಲೆ ಪ್ರತಿ ಸ್ಟ್ಯಾಂಡಿನ ಕಾಲು ಎಲ್ಲಿ ಬರಬೇಕು ಎಂದು ಟೇಪಿನಿಂದ ಗುರುತು ಇರುತ್ತದೆ. ಬಾರಿಸುವವನ ಕೈ ಎಷ್ಟು ಉದ್ದ, ಕಾಲು ಎಷ್ಟು ಗಿಡ್ಡ ಎಂಬುದರ ಮೇಲೆ ಆ ಗುರುತು. ಕಾಯಂ ಬಾರಿಸುವವರಿಗೆಲ್ಲ ನಾನು ಬೇರೆ ಬೇರೆ ಕಾರ್ಪೆಟ್ ಇಟ್ಟಿದ್ದೆ. ಸೆಟ್ ಜೋಡಿಸಿ, ಚರ್ಮವನ್ನು ಕೀಲಿಯಿಂದ ಬಿಗಿ ಮಾಡಬೇಕು. ಚರ್ಮ ಎನ್ನುವುದು ರೂಢಿ, ಈಗ ಅದು ಪ್ಲಾಸ್ಟಿಕ್ಕು. ಎಸಿ ಹಾಕಿದ ಹಾಲ್‌ನಲ್ಲಿ ಒಂದು ತರಹ, ಹೊರಗಿನ ಸೆಕೆಯಲ್ಲಿ ಒಂದು ತರಹ. ಆಮೇಲೆ ಕಾರ್ಯಕ್ರಮ ಮುಗಿಯುವವರೆಗೆ ಬಾರಿಸುವವನ ಬೆನ್ನ ಹಿಂದೆ ಒಂದು ಪೆಟ್ಟಿಗೆಯ ಮೇಲೆ ಕೂತಿರಬೇಕು. ಸ್ಟಿಕ್ ಮುರಿದರೆ ಇನ್ನೊಂದು ಕೊಡಬೇಕು, ನಟ್ಟು ಸಡಿಲವಾದರೆ ಬಿಗಿ ಮಾಡಬೇಕು. ಸಂಘದ ಕಮಿಟಿಯವರು ಬದಿಯಿಂದ ಕೈ ಅಡ್ಡ ಮಾಡಿದರೆ, ನಾನು ಬಾರಿಸುವವನ ಸ್ಟೂಲಿಗೆ ಬೆರಳಿನಿಂದ ಮೂರು ಸಲ ತಟ್ಟಬೇಕು. ಸಾಕು, ನಿಲ್ಲಿಸು ಎಂದು ಅರ್ಥ.

ತಟ್ಟುವುದು ಹೆಚ್ಚಾಗಿ ಬೇಕಾಗುತ್ತಿದ್ದದ್ದು ಸೋಲೋಗೆ. ಉಳಿದ ವಾದ್ಯದವರೆಲ್ಲ ಕೈ ಬಿಟ್ಟು ನಿಂತು, ಡ್ರಮ್ಮಿನವನೊಬ್ಬನೇ ಬಾರಿಸುವುದಕ್ಕೆ ಸೋಲೋ ಎನ್ನುತ್ತಾರೆ. ಸಂಗೀತ ತಿಳಿದವರು ಅದಕ್ಕೆ ಏನೇನೋ ಹೇಳಬಹುದು. ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಅದರ ಉಪಯೋಗ ಬೇರೆ. ಗಾಯಕಿಗೆ ಸೀರೆ ಬದಲಿಸಬೇಕು, ಹಾಕಿ ಸೋಲೋ. ಮುಖ್ಯ ಅತಿಥಿ ಶೇಖ್ ಝಾಯೆದ್ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದಾರೆ, ಹಾಕಿ ಸೋಲೋ. ಬಿರಿಯಾನಿಯ ವ್ಯಾನು ಬಂದಿಲ್ಲ, ಇನ್ನೊಂದು ಸ್ವಲ್ಪ ಉದ್ದ ಹಾಕಿ.

ನೇರವಾಗಿ ಹೇಳುತ್ತೇನೆ, ಮೊದಲ ಎರಡು ವರ್ಷ ನನಗೆ ಸೋಲೋ ಎಂದರೆ ತಲೆನೋವು. ನನ್ನ ಕಿವಿ ಬಾರಿಸುವವನ ಸಿಂಬಲ್ ಎಂಬ ಹಿತ್ತಾಳೆ ತಟ್ಟೆಯಿಂದ ಒಂದೂವರೆ ಗಜ ದೂರ. ತುಂಬ ಮಂದಿ ಬಾರಿಸುವುದು ಜನರಿಗಲ್ಲ, ಹಾಲ್‌ನಲ್ಲಿ ಎಲ್ಲೋ ಕೂತಿರುವ ಇನ್ನೊಬ್ಬ ಡ್ರಮ್ಮಿನವನಿಗೆ. ನನಗೆ ಎಷ್ಟು ವೇಗ ಉಂಟು ನೋಡು ಎಂದು. ಎರಡನೇ ನಿಮಿಷಕ್ಕೆ ಎಲ್ಲ ವೇಗವೂ ಒಂದೇ ತರಹ ಕೇಳುತ್ತದೆ. ಗರಗಸದ ಮಿಲ್ಲಿನಲ್ಲಿ ಕೂತ ಹಾಗೆ. ಕೇಳಲು ಚೆನ್ನಾಗಿರುತ್ತದೆಯೋ ಇಲ್ಲವೋ ಎಂದು ಯಾರಾದರೂ ಆಗ ಕೇಳಿದ್ದರೆ, ಇಲ್ಲ, ಸುಡುಗಾಡು ಎನ್ನುತ್ತಿದ್ದೆ.

ನನ್ನ ಮರ್ಯಾದೆ ಹೋದದ್ದೂ ಸೋಲೋದಲ್ಲೇ. ಕಾಲಿನಿಂದ ಒದ್ದು ಬಾರಿಸುವ ದೊಡ್ಡ ಡ್ರಮ್ ಇದೆಯಲ್ಲ, ಅದು ಒದ್ದ ಹಾಗೆಲ್ಲ ಇಂಚು ಇಂಚಾಗಿ ಮುಂದೆ ಹೋಗುತ್ತದೆ. ಶಾಲೆಯ ಸ್ಟೇಜಾದರೆ ಎದುರಿಗೆ ಒಂದು ಮರದ ರೀಪು ಹೊಡೆದರೆ ಮುಗಿಯಿತು. ಹೋಟೆಲುಗಳಲ್ಲಿ ಮೊಳೆ ಹೊಡೆಯಲು ಬಿಡುವುದಿಲ್ಲ. ಅದಕ್ಕೆ ನಾನೊಂದು ಉಪಾಯ ಮಾಡಿದ್ದೆ. ಡ್ರಮ್ಮಿನ ಎರಡು ಕಾಲಿಗೆ ಹಗ್ಗ ಕಟ್ಟಿ, ಅದನ್ನು ಹಿಂದಕ್ಕೆ ತಂದು ಬಾರಿಸುವವನ ಸ್ಟೂಲಿಗೆ ಬಿಗಿಯುವುದು. ಅವನ ಭಾರವೇ ಡ್ರಮ್ಮನ್ನು ಹಿಡಿದುಕೊಳ್ಳುತ್ತದೆ. ಅಬುಧಾಬಿಯ ಒಂದು ಹೋಟೆಲಿನಲ್ಲಿ ಮುಂಬೈಯಿಂದ ಬಂದ ತಂಡಕ್ಕೆ ಹಾಗೆ ಕಟ್ಟಿದೆ. ಒಂದು ಮಾತು ಹೇಳಲು ಮರೆತೆ. ಏಳಬೇಡ ಎಂದು.

ಅವನು ಸೋಲೋದ ನಡುವೆ ಎದ್ದು ನಿಂತ. ನಿಂತುಕೊಂಡೇ ಬಾರಿಸಿ, ಒದೆಯತೊಡಗಿದ. ಡ್ರಮ್ ಸ್ಟೂಲನ್ನು ಎಳೆದುಕೊಂಡು ಹೊರಟಿತು. ಎದುರಿಗೆ ಸ್ಟೇಜಿನ ಅಂಚು, ಅಂಚಿನ ಕೆಳಗೆ ಬಿಳಿ ಬಟ್ಟೆ ಹಾಸಿದ ಟೇಬಲಿನಲ್ಲಿ ದೊಡ್ಡ ಅತಿಥಿಗಳು. ನಾನು ಬದಿಯಿಂದ ಓಡಿ, ಡ್ರಮ್ಮಿನ ಎದುರು ಹೊಟ್ಟೆ ಅಡಿಯಾಗಿ ಬಿದ್ದು ಎರಡು ಕೈಯಲ್ಲಿ ಅದನ್ನು ತಬ್ಬಿ ಹಿಡಿದೆ. ಕಾಲು ಅತಿಥಿಗಳ ಕಡೆಗೆ. ಅವನು ನಿಲ್ಲಿಸಲಿಲ್ಲ. ಐದು ನಿಮಿಷ ನನ್ನ ಎದೆಗೆ ಒದ್ದ ಹಾಗೆ ಒದ್ದ. ಜನ ಕೂಗಿದ್ದೇ ಕೂಗಿದ್ದು.

ಮರುದಿನ ಮುನೀರ್ ಸಾಹೇಬರು ಫೋನ್ ತೋರಿಸಿದರು. "ಆಚಾರ್ರೇ, ನಿಮ್ಮ ಫೋಟೋ. ಭಟ್ಕಳದಿಂದ ನನ್ನ ಹೆಂಡತಿ ಕಳಿಸಿದ್ಳು. ಇವರು ಎಂತ ಮೊಸಳೆ ಹಿಡೀತಿದ್ದಾರಾ ಅಂತ ಕೇಳ್ತಾಳೆ."

ಹಾಗಾಗಿ ಹುಡುಗರೇ, ಹಗ್ಗ ಕಟ್ಟಿದರೆ ಬಾಯಿ ಬಿಟ್ಟು ಹೇಳಿ.

ಈ ಕಥೆ ಗೊತ್ತಿದ್ದರಿಂದಲೇ ನಮ್ಮ ಕಾಯಂ ಡ್ರಮ್ಮಿನವನು ಲ್ಯಾನ್ಸಿ ಪ್ರತಿ ಸಲ ಸ್ಟೂಲಿನ ಮೇಲೆ ಕೂರುವ ಮುಂಚೆ ಒಂದೇ ಪ್ರಶ್ನೆ ಕೇಳುತ್ತಿದ್ದ. "ಎಂತ ಆಚಾರ್ರೆ, ಹಗ್ಗ ಗಟ್ಟಿ ಉಂಟಾ? ಹೆದರ್ಬೇಡಿ, ನಾನು ಏಳುದಿಲ್ಲ. ಎದ್ರೆ ನನ್ನ ಪ್ಯಾಂಟ್ ಬೀಳ್ತದೆ."

ಲ್ಯಾನ್ಸಿ ಕಿನ್ನಿಗೋಳಿ ಕಡೆಯ ಕೊಂಕಣಿ ಕ್ರಿಶ್ಚಿಯನ್. ಹಗಲು ಒಂದು ಹೋಟೆಲಿನ ಲಾಂಡ್ರಿಯಲ್ಲಿ ಸ್ಟೋರ್ ಕೀಪರ್, ಚಾದರ ಟವೆಲುಗಳ ಲೆಕ್ಕ. ಅಲ್ಲಿ ವಾರದ ರಜೆ ಶುಕ್ರವಾರ, ಆವತ್ತು ನಮ್ಮ ಸಂಘಗಳ ಕಾರ್ಯಕ್ರಮದಲ್ಲಿ ಡ್ರಮ್. ನಲವತ್ತೈದು ದಾಟಿತ್ತು, ತೆಳ್ಳಗೆ, ಸ್ವಲ್ಪ ಗೂನು. ಅವನ ಸೋಲೋ ಬೇರೆಯವರ ಹಾಗಲ್ಲ. ಅವನು ಬಲಗೈಯ ಸ್ಟಿಕ್ಕನ್ನು ಕೆಳಗಿಟ್ಟು, ಮೊದಲು ಬೆರಳಿನಿಂದ ಶುರು ಮಾಡುತ್ತಿದ್ದ. ಹಂಚಿನ ಮೇಲೆ ಹನಿ ಬೀಳುವುದಕ್ಕಿಂತ ಮೆಲ್ಲಗೆ. ಹಿಂದಿನ ಸಾಲಿನವರು ಮಾತು ನಿಲ್ಲಿಸದಿದ್ದರೆ ಕೇಳದು. ಮಾತು ನಿಂತ ಮೇಲೆ ಸ್ವಲ್ಪ ಜೋರು. ನಡುವೆ ಒಮ್ಮೆ ಪೂರ್ತಿ ನಿಲ್ಲಿಸಿ, ಕೈ ಎತ್ತಿ, ಎರಡು ಉಸಿರಿನಷ್ಟು ಹೊತ್ತು ಏನೂ ಬಾರಿಸದೆ ಕೂರುತ್ತಿದ್ದ. ಆ ಎರಡು ಉಸಿರಿನಲ್ಲಿ ಅವನ ಭುಜ ನಡುಗುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ನನ್ನ ಅಭಿಪ್ರಾಯ ಬದಲಾದದ್ದು ಅವನ ಬೆನ್ನು ನೋಡಿ.

"ಸೋಲೋ ಇಲ್ಲದಿದ್ರೆ ನಾನು ಬರುದು ಯಾಕೆ ಮಾರಾಯ್ರೆ?" ಎಂದು ಒಮ್ಮೆ ಹೇಳಿದ್ದ. "ಹಾಡಿನ ಹಿಂದೆ ಟಕ್ ಟಕ್ ಹೊಡೀಲಿಕ್ಕೆ ಯಾರಾದ್ರೂ ಆಗ್ತದೆ. ವಾರದಲ್ಲಿ ಆರು ದಿನ ಟವೆಲ್. ಒಂದು ದಿನ ಆರು ನಿಮಿಷ, ಅದು ನಂದು."

ಆ ಆರು ನಿಮಿಷದ ಬಗ್ಗೆಯೇ ಕಮಿಟಿಗಳಿಂದ ದೂರು ಬರತೊಡಗಿತು. ಸೋಲೋ ಬಂತೆಂದರೆ ಜನ ಎದ್ದು ಹೊರಗೆ ಹೋಗುತ್ತಾರೆ, ಹೋದವರು ಊಟದ ಕೌಂಟರಿನ ಹತ್ತಿರ ನಿಂತುಬಿಡುತ್ತಾರೆ, ಆಮೇಲೆ ಸನ್ಮಾನಕ್ಕೆ ಕುರ್ಚಿ ಖಾಲಿ ಎಂದು. ಶಾಲೆಯ ಹಾಲ್‌ಗಳನ್ನು ಹೇಳಿದ ಹೊತ್ತಿಗೆ ಬಿಟ್ಟುಕೊಡಲೂ ಬೇಕು. ಅದೇ ಸಮಯಕ್ಕೆ ಪ್ಯಾಡ್ ಎಂಬ ಮೆಷಿನ್ ಬಂದಿತ್ತು. ಒಂದು ಸೂಟ್‌ಕೇಸಿನಲ್ಲಿ ಹಿಡಿಸುತ್ತದೆ, ಬೆರಳಿನಲ್ಲಿ ಮುಟ್ಟಿದರೆ ಯಾವ ಡ್ರಮ್ ಬೇಕೋ ಆ ಶಬ್ದ. ವ್ಯಾನೂ ಬೇಡ, ಕಾರ್ಪೆಟ್ಟೂ ಬೇಡ.

೨೦೧೪ರ ಸೀಸನ್ ಶುರುವಾಗುವ ಮುಂಚೆ ಮುನೀರ್ ಸಾಹೇಬರು ನನ್ನನ್ನು ಆಫೀಸಿಗೆ ಕರೆದರು. ಸೀಸನ್ ಎಂದರೆ ಸೆಕೆ ಇಳಿದ ಮೇಲೆ, ಅಕ್ಟೋಬರಿನಿಂದ ಮಾರ್ಚ್.

"ಕೂತ್ಕೊಳ್ಳಿ ಆಚಾರ್ರೇ. ಕಮಿಟಿಯವರು ಹೇಳ್ತಾರೆ ಸೋಲೋಗೆ ಜನ ಎದ್ದು ಹೋಗ್ತಾರೆ. ಲ್ಯಾನ್ಸಿ ಹೇಳ್ತಾನೆ ಯಾರೂ ಹೋಗೂದಿಲ್ಲ. ಇಬ್ಬರೂ ಅವರವರ ಲಾಭಕ್ಕೆ ಹೇಳ್ತಾರೆ. ನೀವು ಸುಳ್ಳು ಹೇಳುವ ಜನ ಅಲ್ಲ."

"ಅಲ್ಲ," ಎಂದೆ.

"ಹಾಗಾದ್ರೆ ಈ ಸೀಸನ್ ಪೂರ್ತಿ ನೀವು ಲೆಕ್ಕ ಇಡಿ. ನೀವು ಸ್ಟೇಜಿನಲ್ಲಿ ಕೂತು ಹಾಲ್ ಕಡೆ ನೋಡುವವರು. ಎಷ್ಟು ಜನ ಹೋಗ್ತಾರೆ, ನೋಡಿ ಹೇಳಿ. ನೀವು ಹೇಳಿದ ಹಾಗೆ ಮಾಡುವ. ಜನ ಕೂತಿದ್ರೆ ಡ್ರಮ್ ಸೆಟ್ ಇರ್ತದೆ, ಸೋಲೋ ಇರ್ತದೆ. ಎದ್ದು ಹೋದ್ರೆ ಖಲಾಸ್, ಪ್ಯಾಡ್ ತರುವ. ಲ್ಯಾನ್ಸಿಗೆ ಹೇಳ್ಬೇಡಿ, ಅವನಿಗೆ ಹೆದರಿಕೆ ಆದ್ರೆ ಕೈ ಕೆಡ್ತದೆ."

ನಾನು ಒಪ್ಪಿದೆ. ಯಾಕೆ ಒಪ್ಪಿದೆ ಎಂದರೆ, ಏಳನೇ ಕ್ಲಾಸಿನವನ ಮಾತಿಗೆ ಒಬ್ಬ ಮಾಲೀಕ ಅಷ್ಟು ಬೆಲೆ ಕೊಟ್ಟದ್ದು ಅದೇ ಮೊದಲು.

ಆದರೆ ಸ್ಟೇಜಿನ ಮೇಲೆ ಕೂತವನಿಗೆ ಜನ ಕಾಣುವುದಿಲ್ಲ. ಈ ಕೆಲಸಕ್ಕೆ ಬರುವವರು ಇದನ್ನು ತಿಳಿದಿರಬೇಕು. ಲೈಟೆಲ್ಲ ನಿಮ್ಮ ಕಣ್ಣಿಗೆ, ಎದುರಿಗೆ ಒಂದು ಕಪ್ಪು ಗುಂಡಿ. ಅದರ ಕೊನೆಯಲ್ಲಿ ಹಾಲ್‌ನ ಹಿಂದಿನ ಬಾಗಿಲು. ಯಾರಾದರೂ ಬಾಗಿಲು ತಳ್ಳಿದರೆ ಹೊರಗಿನ ಬೆಳಕು ಒಂದು ಗೀಟಿನಂತೆ ಉದ್ದಕ್ಕೆ ಕಾಣುತ್ತದೆ, ಮುಚ್ಚಿದರೆ ಹೋಗುತ್ತದೆ. ನನಗೆ ಸಾಲದೇ? ನಾನು ಬಾಗಿಲು ಲೆಕ್ಕ ಹಾಕಿದೆ. ಕಿವಿಯ ಮೇಲೆ ಪೆನ್ಸಿಲ್ ಯಾವಾಗಲೂ ಇರುತ್ತಿತ್ತು. ಒಂದು ಪ್ಲೈವುಡ್ ತುಂಡನ್ನು ತೊಡೆಯ ಮೇಲೆ ಇಟ್ಟುಕೊಂಡು, ಲ್ಯಾನ್ಸಿಯ ಬೆರಳು ಚರ್ಮ ಮುಟ್ಟಿದಲ್ಲಿಂದ ಕೊನೆಯ ಏಟಿನವರೆಗೆ, ಬೆಳಕು ಕಂಡ ಹಾಗೆಲ್ಲ ಒಂದು ಗೀಟು.

ಒಂಬತ್ತು ಕಾರ್ಯಕ್ರಮ. ಒಂದೊಂದರಲ್ಲೂ ಮೂವತ್ತು, ಮೂವತ್ತೈದು ಗೀಟು. ಖಲೀಫಾ ಸಿಟಿಯ ಒಂದು ಶಾಲೆಯ ಹಾಲ್‌ನಲ್ಲಿ ನಲವತ್ತನಾಲ್ಕು. ಬೇರೆ ಹಾಡುಗಳಿಗೂ ಒಂದೆರಡು ಸಲ ಲೆಕ್ಕ ಹಾಕಿ ನೋಡಿದೆ, ಅನ್ಯಾಯ ಆಗಬಾರದು ಎಂದು. ಐದೋ ಆರೋ. ಲ್ಯಾನ್ಸಿ ಪ್ರತಿ ಸಲ ಬೆವರು ಒರೆಸಿಕೊಂಡು ಹಿಂದೆ ತಿರುಗಿ ಕೇಳುತ್ತಿದ್ದ. "ಹೇಗಾಯ್ತು ಆಚಾರ್ರೆ?"

"ಲಾಯಿಕಾಯ್ತು," ಎನ್ನುತ್ತಿದ್ದೆ. ಪ್ಲೈವುಡ್ ತುಂಡನ್ನು ಮಗುಚಿ ಇಡುತ್ತಿದ್ದೆ. ನನಗೆ ನಿಜವಾಗಿಯೂ ಲಾಯಿಕಾಗಿತ್ತು. ಅದೇ ಬೇಸರ. ಇಷ್ಟು ಚೆಂದ ಬಾರಿಸುವವನನ್ನು ಬಿಟ್ಟು ಬಿರಿಯಾನಿಗೆ ಓಡುತ್ತಾರಲ್ಲ ಎಂದು ನಮ್ಮವರ ಮೇಲೆ ಸಿಟ್ಟು ಬರುತ್ತಿತ್ತು. ಒಂದು ಕಡೆ ಬಾಗಿಲಿಗೆ ಚಿಲಕ ಹಾಕಿಬಿಡೋಣ ಎಂದೂ ಅನಿಸಿತ್ತು.

ಇನ್ನೊಂದನ್ನು ಗಮನಿಸಿದ್ದೆ. ಸೀಸನ್ ಹೋದ ಹಾಗೆ ಲ್ಯಾನ್ಸಿಯ ಸೋಲೋ ಜೋರಾಗುತ್ತಿತ್ತು. ಬೆರಳಿನ ಭಾಗ ಗಿಡ್ಡವಾಯಿತು. ಆ ಎರಡು ಉಸಿರಿನ ಮೌನ ಒಂದು ಉಸಿರಾಯಿತು, ಮಾರ್ಚಿನ ಹೊತ್ತಿಗೆ ಅದೂ ಇರಲಿಲ್ಲ. ವಯಸ್ಸಾಗುತ್ತಾ ಬಂತು, ಹೆದರಿಕೆ ಆಗಿದೆ ಎಂದುಕೊಂಡೆ. ಕೇಳಲಿಲ್ಲ.

ಏಪ್ರಿಲಿನಲ್ಲಿ ಪ್ಲೈವುಡ್ ತುಂಡನ್ನು ಮುನೀರ್ ಸಾಹೇಬರ ಟೇಬಲಿನ ಮೇಲೆ ಇಟ್ಟೆ. ಅವರು ಬೆರಳು ಇಟ್ಟು ಸಾಲು ಸಾಲಾಗಿ ನೋಡಿದರು. "ಇಷ್ಟಾ?" ಎಂದರು. ಪಾಪ, ಅವರಿಗೂ ಲ್ಯಾನ್ಸಿ ಎಂದರೆ ಪ್ರೀತಿಯೇ. "ನಾನು ಹತ್ತು ಹದಿನೈದು ಅಂದ್ಕೊಂಡಿದ್ದೆ."

"ಒಂದೂ ಹೆಚ್ಚು ಹಾಕಿಲ್ಲ," ಎಂದೆ. "ಕಡಿಮೆಯೂ ಹಾಕಿಲ್ಲ."

"ನೀವು ಹೇಳಿದ ಮೇಲೆ ಮುಗೀತು," ಎಂದು ತುಂಡನ್ನು ನನಗೇ ವಾಪಸು ಕೊಟ್ಟರು.

ಆ ಬೇಸಗೆಯಲ್ಲಿ ಡ್ರಮ್ ಸೆಟ್ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಕಡೆ ಇದ್ದ ಒಬ್ಬರಿಗೆ ಮಾರಾಟವಾಯಿತು. ಪ್ಯಾಡ್ ಬಂತು, ಅದನ್ನು ಮುಟ್ಟಲು ಕೀಬೋರ್ಡಿನವನೇ ಸಾಕಾಯಿತು. ಲ್ಯಾನ್ಸಿಗೆ ಮುನೀರ್ ಸಾಹೇಬರೇ ಫೋನ್ ಮಾಡಿ ಹೇಳಿದರಂತೆ, ಕಮಿಟಿಯವರ ತೀರ್ಮಾನ ಎಂದು. ನನ್ನ ಹೆಸರು ಎತ್ತಲಿಲ್ಲ. ಲ್ಯಾನ್ಸಿ ನನಗೆ ಫೋನ್ ಮಾಡಿದ. "ಆಚಾರ್ರೆ, ನನ್ನನ್ನು ತೆಗೆದ್ರು. ನಿಮ್ಮನ್ನು ಇಟ್ಟಿದ್ದಾರಲ್ಲ? ಅಷ್ಟಾದ್ರೆ ಸಾಕು ದೇವ್ರೆ."

ಅವನ ಕಾರ್ಪೆಟ್ ಮಾತ್ರ ನನ್ನ ಬಳಿ ಉಳಿಯಿತು. ಕೊಂಡವರಿಗೆ ಬೇರೆಯವರ ಗುರುತು ಬೇಡವಾಗಿತ್ತು.

ಅದರ ಮುಂದಿನ ಸೀಸನ್. ಖಲೀಫಾ ಸಿಟಿಯ ಅದೇ ಶಾಲೆ, ಅದೇ ಸಂಘ. ಪ್ಯಾಡಿಗೆ ಮೂರು ವಯರು ಚುಚ್ಚಿದರೆ ನನ್ನ ಕೆಲಸ ಮುಗಿಯಿತು. ಸ್ಟೇಜಿನಲ್ಲಿ ಕೂರುವ ಅಗತ್ಯ ಇರಲಿಲ್ಲ. ಮೊದಲ ಸಲ ಕಾರ್ಯಕ್ರಮದ ಹೊತ್ತಿಗೆ ನಾನು ಹಾಲ್‌ನ ಹೊರಗೆ, ಬಾಗಿಲಿನ ಆಚೆ, ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ಅಲ್ಲಿನ ವಾಚ್‌ಮನ್ ನೇಪಾಳದವನು, ತಾಪಾ ಎಂದು. ನನ್ನ ಕಂಪೆನಿಯ ಟೀ ಶರ್ಟ್ ನೋಡಿ ಹತ್ತಿರ ಬಂದ.

"ಚಾಚಾ, ಇವತ್ತು ಡ್ರಮ್ ಎಷ್ಟು ಗಂಟೆಗೆ?" ಎಂದು ಹಿಂದಿಯಲ್ಲಿ ಕೇಳಿದ.

"ಮಾಫಿ ಡ್ರಮ್," ಎಂದೆ. "ಬಂದ್ ಆಗಿದೆ. ನಿನಗೆಂತಕ್ಕೆ?"

ಅವನ ಮುಖ ಇಳಿಯಿತು. ಹಿಂದೆ ತಿರುಗಿ ಕೈಯಾಡಿಸಿದ. ಊಟದ ವ್ಯಾನಿನ ಹತ್ತಿರ ನಿಂತಿದ್ದ ಇಬ್ಬರು, ಶಾಲೆಯ ಬಸ್ಸಿನ ಪಠಾಣ ಡ್ರೈವರುಗಳು ಮೂವರು, ಕಕ್ಕಸು ತೊಳೆಯುವ ಒಬ್ಬಳು ಶ್ರೀಲಂಕಾದ ಹೆಂಗಸು. ಎಲ್ಲರೂ ನಮ್ಮ ಕಡೆಗೇ ನೋಡುತ್ತಿದ್ದರು. ಇಲ್ಲವಂತೆ ಎಂದು ತಾಪಾ ಕೂಗಿ ಹೇಳಿದ. ಒಬ್ಬ ಪಠಾಣ "ಅರೇ ಯಾರ್" ಎಂದು ಬೀಡಾ ಉಗುಳಿದ.

"ನಿಮ್ಮ ಹಾಡು ನಮಗೆ ತಿಳಿಯೂದಿಲ್ಲ ಚಾಚಾ. ಭಾಷಣ ಅಂತೂ ಇಲ್ಲವೇ ಇಲ್ಲ," ಎಂದ ತಾಪಾ. "ಆ ಮುದುಕ ಬೆರಳಲ್ಲಿ ಶುರು ಮಾಡ್ತಾನಲ್ಲ, ಆಗ ಒಳಗೆ ಗದ್ದಲ ನಿಲ್ತದೆ. ಗದ್ದಲ ನಿಂತ್ರೆ ನಮಗೆ ಗೊತ್ತಾಗ್ತದೆ, ಡ್ರಮ್ ಬಂತು ಅಂತ. ಒಬ್ಬೊಬ್ಬರಾಗಿ ಬಾಗಿಲು ತಳ್ಳಿ ಒಳಗೆ ಹೋಗಿ ಗೋಡೆಗೆ ಒರಗಿ ನಿಲ್ತೇವೆ. ಸೂಪರ್‌ವೈಸರ್ ಬರುವ ಮುಂಚೆ ಒಬ್ಬೊಬ್ಬರಾಗಿ ಹೊರಗೆ."

"ಎಷ್ಟು ಜನ?" ಎಂದೆ.

"ಹೋದ ವರ್ಷ ಹದಿನೈದು ಹದಿನಾರು ಇದ್ದೆವು. ಕಿಚನ್‌ನವರೂ ಬಂದಿದ್ರು."

ಒಬ್ಬ ಒಳಗೆ ಹೋದರೆ ಒಂದು ಗೀಟು. ಅವನೇ ಹೊರಗೆ ಬಂದರೆ ಇನ್ನೊಂದು. ಹದಿನಾರು ಜನ ಎಂದರೆ ಮೂವತ್ತೆರಡು. ನಾನು ಹಾಕಿದ್ದು ನಲವತ್ತನಾಲ್ಕು.

ನಂಬಲಿಲ್ಲ. ಆ ತಿಂಗಳಲ್ಲೇ ಶಾರ್ಜಾದಲ್ಲಿ ಬೇರೆ ತಂಡದವರ ಕಾರ್ಯಕ್ರಮ ಇತ್ತು, ಅವರ ಸ್ವಂತ ಡ್ರಮ್ಮಿನವನು ಸೋಲೋ ಹಾಕುವವನಿದ್ದ. ನನ್ನ ರಜೆಯ ದಿನ ಬಸ್ಸು ಹಿಡಿದು ಹೋಗಿ, ಹೊರಗಿನ ಬಾಗಿಲ ಬುಡದಲ್ಲಿ ನಿಂತೆ. ಬಾರಿಸಿದವನು ಲ್ಯಾನ್ಸಿಯ ಕಾಲುಭಾಗವೂ ಇಲ್ಲ. ಆದರೂ ಹೊರಗೆ ಬಂದವರು ಆರು, ಒಳಗೆ ಹೋದವರು ಹನ್ನೊಂದು. ಹೊರಗೆ ಬಂದ ಆರರಲ್ಲಿ ಇಬ್ಬರು ಅಳುವ ಮಗುವನ್ನು ಎತ್ತಿಕೊಂಡವರು. ನಮ್ಮವರೂ ಅಷ್ಟೇನೂ ಓಡಿರಲಿಲ್ಲ.

ಮುನೀರ್ ಸಾಹೇಬರ ಬಳಿ ಹೋದೆ. ಜೀವನದಲ್ಲಿ ಮಾಲೀಕನ ಎದುರು ನಿಂತು ನನ್ನ ಲೆಕ್ಕ ತಪ್ಪು ಎಂದು ಹೇಳಿದ್ದು ಅದೊಂದೇ ಸಲ. ಅವರು ಪೂರ್ತಿ ಕೇಳಿಸಿಕೊಂಡರು. ಚಹಾ ತರಿಸಿದರು.

"ಆಚಾರ್ರೇ, ಒಳಗೆ ಬಂದವರಲ್ಲಿ ಪಾಸ್ ಇದ್ದವರು ಎಷ್ಟು?"

"ಒಬ್ಬನೂ ಇಲ್ಲ."

"ಕಮಿಟಿಯವರಿಗೆ ನಾನು ಎಂತ ಹೇಳ್ಲಿ? ನಿಮ್ಮ ಸೋಲೋ ಡ್ರೈವರುಗಳಿಗೆ ತುಂಬ ಇಷ್ಟ ಅಂತಾ?" ಅವರು ತಮಾಷೆಗೆ ಹೇಳಿದ್ದಲ್ಲ, ಅವರಿಗೂ ಸುಸ್ತಾಗಿತ್ತು. "ಸೆಟ್ ಹೋಯ್ತು. ಬಿಡಿ. ಇದನ್ನು ಲ್ಯಾನ್ಸಿಗೆ ಹೇಳ್ಬೇಡಿ, ಸುಮ್ಮನೆ ನೋವು."

ನಾನು ಎರಡು ತಿಂಗಳು ಹೇಳಲಿಲ್ಲ. ಆಮೇಲೆ ಒಂದು ಶುಕ್ರವಾರ ಬೆಳಗ್ಗೆ, ಅವನು ಚರ್ಚಿನಿಂದ ಬರುವ ಹೊತ್ತಿಗೆ, ಕಾರ್ಪೆಟ್ ಸುರುಳಿಯನ್ನು ಹೆಗಲ ಮೇಲೆ ಹೊತ್ತು ಕರಾಮಾದ ಅವನ ರೂಮಿಗೆ ಹೋದೆ. ನಾಲ್ಕು ಮಂಚದ ರೂಮು. ಉಳಿದ ಮೂವರು ಹೊರಗೆ ಹೋಗಿದ್ದರು. ಅವನು ನನ್ನನ್ನು ನೋಡಿ ಖುಷಿಪಟ್ಟು ಚಹಾಕ್ಕೆ ನೀರಿಟ್ಟ. ನಾನು ಕೂರದೆ ಎಲ್ಲ ಹೇಳಿದೆ. ಮಾಲೀಕ ಕರೆದದ್ದು, ಪ್ಲೈವುಡ್ಡು, ಗೀಟು, ಕೊನೆಗೆ ತಾಪಾ ಹೇಳಿದ್ದು.

ಅವನು ಸ್ಟೋವ್ ಆರಿಸಿದ.

"ಅಂದ್ರೆ ನೀವು ನನ್ನ ಬೆನ್ನ ಹಿಂದೆ ಕೂತು ಆರು ತಿಂಗಳು ಗೀಟು ಹಾಕಿದ್ದಾ?"

"ಹೌದು."

"ಮುಗಿದ ಮೇಲೆ ಲಾಯಿಕಾಯ್ತು ಅಂತ ಹೇಳಿದ್ದು?"

"ಅದು ಸುಳ್ಳಲ್ಲ ಲ್ಯಾನ್ಸಿ."

"ಲೆಕ್ಕವೂ ಸುಳ್ಳಲ್ಲ, ಮಾತೂ ಸುಳ್ಳಲ್ಲ. ನಿಮ್ಮದು ಯಾವುದೂ ಸುಳ್ಳಲ್ಲ ಅಲ್ವಾ?" ಅವನು ನಕ್ಕ. ಆ ನಗು ನೋಡುವುದು ಕಷ್ಟವಾಯಿತು. "ಊರಲ್ಲಿ ಬಾಗಿಲು ಮಾಡ್ತಿದ್ದವರು ಅಲ್ವಾ ನೀವು? ಬಾಗಿಲು ಇರುದು ಹೋಗ್ಲಿಕ್ಕೆ ಮಾತ್ರ ಅಂತ ಯಾರು ಹೇಳಿಕೊಟ್ರು ಆಚಾರ್ರೆ ನಿಮಗೆ? ಬರ್ಲಿಕ್ಕೂ ಅದೇ ಬಾಗಿಲು ಅಲ್ವಾ?"

ನಲವತ್ತು ವರ್ಷ ಮರ ಮುಟ್ಟಿದ ಕೈ. ಒಂದು ಸಲವೂ ಅದು ತಲೆಗೆ ಹೊಳೆದಿರಲಿಲ್ಲ.

ಅವನು ಮಂಚದ ಅಂಚಿನಲ್ಲಿ ಕೂತ. ಆಮೇಲೆ ಮೆಲ್ಲಗೆ ಹೇಳಿದ. "ನಾನೂ ನೋಡ್ತಿದ್ದೆ ಆ ಬೆಳಕು. ನಿಮಗೆ ಮಾತ್ರ ಕಾಣ್ತಿತ್ತು ಅಂದ್ಕೊಂಡ್ರಾ? ನಾನು ನಿಮ್ಮಿಂದ ಮುಂದೆ ಕೂತವ. ಬಾಗಿಲು ತೆರೆದ ಹಾಗೆಲ್ಲ, ಹೋದ, ಇನ್ನೊಬ್ಬ ಹೋದ, ಅಂತ. ಅದಕ್ಕೇ ಜೋರು ಹೊಡೆದದ್ದು. ಅವರನ್ನು ನಿಲ್ಲಿಸ್ಲಿಕ್ಕೆ. ಬೆರಳಿನದ್ದು ಬಿಟ್ಟೆ, ಸುಮ್ಮನೆ ಕೂರುದು ಬಿಟ್ಟೆ. ಕೈಯಲ್ಲಿ ಬೊಕ್ಕೆ ಬರುವವರೆಗೆ ಹೊಡೆದೆ." ಅಂಗೈ ಮಗುಚಿ ನೋಡಿಕೊಂಡ. "ಅವರು ಬಂದದ್ದು ಬೆರಳಿನದ್ದು ಕೇಳ್ಲಿಕ್ಕೆ ಅಂತ ಯಾರಾದ್ರೂ ಒಬ್ಬರು ಹೇಳಿದ್ರೆ ಆಗ್ತಿತ್ತು."

ನಾನು ಪೆಟ್ಟಿಗೆಯಿಂದ ಎದ್ದು ಹೋಗಿ ನೋಡಿದ್ದರೂ ಆಗುತ್ತಿತ್ತು. ಮೂವತ್ತು ಹೆಜ್ಜೆ ದೂರ.

ಕಾರ್ಪೆಟ್ ಅವನ ಕಾಲ ಬುಡದಲ್ಲಿ ಇಟ್ಟೆ. "ಬೇಡ ಮಾರಾಯ್ರೆ," ಎಂದ. "ನಾಲ್ಕು ಮಂಚ ಉಂಟು ಇಲ್ಲಿ. ಎಲ್ಲಿ ಹಾಸುದು? ನೀವೇ ಇಟ್ಕೊಳ್ಳಿ." ಬಾಗಿಲವರೆಗೆ ಬಂದು ಬೀಳ್ಕೊಟ್ಟ, ಅವನು ಮರ್ಯಾದಸ್ಥ. ಆಮೇಲೆ ನಾನು ಮಾಡಿದ ಫೋನುಗಳಲ್ಲಿ ಎರಡನ್ನು ಎತ್ತಿದ. ಚೆನ್ನಾಗಿಯೇ ಮಾತಾಡಿದ. ಆಚಾರ್ರೆ ಎನ್ನುವ ಜಾಗದಲ್ಲಿ ನನ್ನ ಹೆಸರು ಹಿಡಿದು ವಾಮನಣ್ಣ ಎಂದ. ಮರ್ಯಾದೆ ಹೆಚ್ಚಾಗಿತ್ತು, ಅಷ್ಟೇ.

ಅವನು ಮತ್ತೆ ಬಾರಿಸಿದ್ದನ್ನು ನಾನು ಕೇಳಿಲ್ಲ. ಚರ್ಚಿನಲ್ಲಿ ಕ್ರಿಸ್ಮಸ್ಸಿಗೆ ಬಾರಿಸುತ್ತಾನೆ ಎಂದು ಯಾರೋ ಹೇಳಿದರು, ಹಾಡಿನ ಹಿಂದೆ. ಸೋಲೋ ಇಲ್ಲವಂತೆ.

ಇನ್ನು ಹೊರಟ ಹುಡುಗರಿಗೆ. ಕಾರ್ಯಕ್ರಮದಲ್ಲಿ ಡ್ರಮ್ ಸೋಲೋ ಬೇಕೋ ಬೇಡವೋ, ಜನಕ್ಕೆ ಅದು ಹಿತವೋ ಎಂದು ನಿಮ್ಮನ್ನೂ ಯಾರಾದರೂ ಕೇಳಬಹುದು. ಆಗ ಸ್ಟೇಜಿನ ಮೇಲೆ ಕೂತು ಉತ್ತರ ಹೇಳಬೇಡಿ. ಇಳಿದು ಹೋಗಿ, ಕೊನೆಯ ಗೋಡೆಗೆ ಒರಗಿ ನಿಂತು, ಪಕ್ಕದಲ್ಲಿ ಯಾರು ನಿಂತಿದ್ದಾರೆ ನೋಡಿ. ಬಾರಿಸುವವನು ಎಂಥವನು ಎಂಬುದೂ ನೋಡಬೇಕು. ವೇಗಕ್ಕೆ ಬಾರಿಸುವವನಾದರೆ ಮೂರು ಸಲ ತಟ್ಟಿ ನಿಲ್ಲಿಸಿ, ನನ್ನ ಅಡ್ಡಿಯಿಲ್ಲ. ಬೆರಳಿನಿಂದ ಶುರು ಮಾಡುವವನಾದರೆ ಬಿರಿಯಾನಿ ತಣ್ಣಗಾಗಲಿ.

೨೦೧೯ರಲ್ಲಿ ಅರವತ್ತು ತುಂಬಿತು, ವೀಸಾ ಮುಗಿಯಿತು, ಊರಿಗೆ ಬಂದೆ. ಸುಸ್ತಾಗಿದೆ. ನನ್ನ ಬಳಿ ಈಗ ಇರುವುದನ್ನು ಹೇಳಿ ನಿಲ್ಲಿಸುತ್ತೇನೆ. ನಾನೇ ಮಾಡಿದ ಬಾಗಿಲು ನಾಲ್ಕು, ನಾಲ್ಕೂ ಸಲೀಸು. ಮಂಡಿ ಎರಡು, ಎರಡೂ ನೋವು. ಕಿವಿ ಎರಡು, ಕೇಳುವುದು ಒಂದು. ಡ್ರಮ್ ಬಿಗಿ ಮಾಡುವ ಕೀಲಿ ಒಂದು. ಹಗ್ಗ ಹನ್ನೆರಡು ಅಡಿ. ಕಾರ್ಪೆಟ್ ಒಂದು, ಅದರಲ್ಲಿ ಲ್ಯಾನ್ಸಿಯ ಗುರುತು ಹದಿನೇಳು. ಪ್ಲೈವುಡ್ ತುಂಡು ಒಂದು. ಗೀಟು ಮುನ್ನೂರ ಹದಿಮೂರು.